ಹೊಸ ಮಷೀನು ಒಡೆದು ಬಂದರೆ? ತುಮಕೂರಿನ ಸಣ್ಣ ವರ್ಕ್‌ಶಾಪ್‌ನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಪಕ್ಕ ನನ್ನದೊಂದು ಸಣ್ಣ ಶೆಡ್ ಇದೆ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ, ಇಂಥ ಕೆಲಸ. ಕೆಲವು ವರ್ಷದ ಹಿಂದೆ ರಾಜ್‌ಕೋಟ್ ಕಡೆಯಿಂದ 46,000 ರೂಪಾಯಿ ಕೊಟ್ಟು ಒಂದು ಪಿಲ್ಲರ್ ಡ್ರಿಲ್, ಅಂದರೆ ಕಂಬದ ಮೇಲೆ ಕೂರುವ ತೂತು ಹಾಕುವ ಮಷೀನು ತರಿಸಿದೆ. ಬಂದ ದಿನ ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ಮಳೆ ಬರುವ ಹಾಗಿತ್ತು. ಡ್ರೈವರ್‌ಗೆ ಶಿರಾಕ್ಕೆ ಹೋಗುವ ಅವಸರ. ಒಳಗೆ ಏನೂ ಆಗಿರಲ್ಲ ಅಂದುಕೊಂಡು ಸಹಿ ಹಾಕಿದೆ. ಮರುದಿನ ಬಿಚ್ಚಿದರೆ ಬೇಸಿನಲ್ಲಿ ಬೋಲ್ಟ್ ಹಾಕುವ ಒಂದು ಕಿವಿ ಮುರಿದು ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು.

ಅದನ್ನು ಸರಿಮಾಡಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಅರ್ಧ ಬೆಲೆಗೆ ಹೊಸ ಬೇಸ್ ಕೊಟ್ಟರು, ಲಾರಿ ಬಾಡಿಗೆ ನನ್ನದೇ. ಅಲ್ಲಿಯವರೆಗೆ ಮಷೀನು ಮೂಲೆಯಲ್ಲಿ ನಿಂತಿತ್ತು. ತೂತು ಹಾಕುವ ಕೆಲಸವನ್ನೆಲ್ಲ ಪಕ್ಕದ ಶೆಡ್‌ನಲ್ಲಿ ದುಡ್ಡು ಕೊಟ್ಟು ಮಾಡಿಸಿದೆ.

ಆಮೇಲಿಂದ ಗುಬ್ಬಿ, ಕುಣಿಗಲ್, ಮಧುಗಿರಿ ಕಡೆ ಗೆಳೆಯರ ಮಷೀನು ಒಡೆದು ಬಂದರೆ ನನಗೆ ಫೋನ್ ಬರುತ್ತದೆ. ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಗಾಡಿ ಬಾಗಿಲಲ್ಲಿ ನಿಂತಿದೆ. ಪೆಟ್ಟಿಗೆ ಜಜ್ಜಿದೆ. ಇಳಿಸಿಕೊಳ್ಳಲಾ, ವಾಪಸ್ ಕಳಿಸಲಾ?

ಮೊದಲು ಇಳಿಸುವುದಕ್ಕೂ ಮುಂಚೆ ಗಾಡಿಯ ಮೇಲೆ ಇರುವ ಹಾಗೇ ನಾಲ್ಕು ಫೋಟೋ ತೆಗೆಯಿರಿ. ಗಾಡಿ ನಂಬರ್ ಒಂದರಲ್ಲಿ ಕಾಣಲಿ. ಪೆಟ್ಟಿಗೆ ಅಡ್ಡ ಮಲಗಿದ್ದರೆ ಅದು ಖಂಡಿತ ಕಾಣಬೇಕು. ಡ್ರಿಲ್ಲಿಂಗ್ ಮಷೀನು ತಲೆಭಾರದ ವಸ್ತು. ಮೋಟಾರು, ಹೆಡ್ ಎಲ್ಲ ಮೇಲೆ ಇರುತ್ತದೆ. ನಿಲ್ಲಿಸಿ ತರಬೇಕಾದದ್ದನ್ನು ಮಲಗಿಸಿ ತಂದರೆ ಅಷ್ಟು ಭಾರವೂ ಕಾಲಮ್ಮಿನ, ಅಂದರೆ ಅದರ ಕಂಬದ ಬುಡದ ಮೇಲೆ ಕೂರುತ್ತದೆ. ಇಳಿಸಿ ನಿಲ್ಲಿಸಿದ ಮೇಲೆ ಅದು ಮಲಗಿತ್ತು ಅಂತ ಹೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಕೆಲವು ಪೆಟ್ಟಿಗೆಗಳ ಮೇಲೆ ಸಣ್ಣ ಸ್ಟಿಕ್ಕರ್ ಅಂಟಿಸಿರುತ್ತಾರೆ. ಜೋರಾಗಿ ಏಟು ಬಿದ್ದರೆ ಅಥವಾ ಪೆಟ್ಟಿಗೆ ವಾಲಿದರೆ ಅದು ಕೆಂಪಾಗುತ್ತದೆ. ಇದ್ದರೆ ಅದರದ್ದೂ ಫೋಟೋ ಇರಲಿ.

ಮಷೀನು ಎರಡು ತುಂಡಾಗಿರುವುದು ಹೊರಗೇ ಕಾಣುತ್ತಿದ್ದರೆ ತೆಗೆದುಕೊಳ್ಳಬೇಡಿ. ಡೆಲಿವರಿ ಕಾಗದದ ಮೇಲೆ ಕಾರಣ ಬರೆದು ವಾಪಸ್ ಕಳಿಸಿ. ಆದರೆ ಹೆಚ್ಚಿನ ಸಲ ಅಷ್ಟು ಸ್ಪಷ್ಟವಾಗಿ ಇರುವುದಿಲ್ಲ. ಪ್ಯಾಕಿಂಗ್ ಹಾಳಾಗಿದೆ, ಒಳಗಿನದು ಗೊತ್ತಿಲ್ಲ. ಆಗ ಇಳಿಸಿಕೊಳ್ಳಿ, ಆದರೆ ಬರೀ ಸಹಿ ಹಾಕಬೇಡಿ. ಎಲ್‌ಆರ್, ಅಂದರೆ ಟ್ರಾನ್ಸ್‌ಪೋರ್ಟ್‌ನವರ ಲಾರಿ ರಸೀದಿಯ ಪ್ರತಿಯ ಮೇಲೆ, ನಿಮ್ಮ ಸಹಿಗಿಂತ ಮೇಲೆ, ಹೀಗೆ ಬರೆಯಿರಿ:

"ಪೆಟ್ಟಿಗೆಯ ಎಡ ಕೆಳಮೂಲೆ ಜಜ್ಜಿದೆ, ಪಟ್ಟಿ ಕಿತ್ತುಹೋಗಿದೆ. ಒಳಗಿನ ಮಷೀನು ನೋಡಿಲ್ಲ. ಪರೀಕ್ಷೆ ಮಾಡುವ ಷರತ್ತಿನ ಮೇಲೆ ತೆಗೆದುಕೊಂಡಿದ್ದೇನೆ."

ತಾರೀಖು, ಗಂಟೆ ಹಾಕಿ. ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ಬರೆದ ಕಾಗದದ ಫೋಟೋ ತೆಗೆದುಕೊಂಡ ಮೇಲೇ ಅದನ್ನು ಡ್ರೈವರ್ ಕೈಗೆ ಕೊಡಿ. "ಡ್ಯಾಮೇಜ್" ಅಂತ ಒಂದೇ ಪದ ಗೀಚಿದರೆ ಸಾಲದು. ಎಲ್ಲಿ, ಏನು ಅಂತ ಇರಬೇಕು. ನಾನು ನಾಲ್ಕು ತಿಂಗಳು ಕಳೆದುಕೊಂಡದ್ದು ಈ ಮೂರು ಸಾಲು ಬರೆಯದೆ ಇದ್ದದ್ದಕ್ಕೆ.

ಡ್ರೈವರ್ ಬರೆಯಲು ಬಿಡಲ್ಲ ಅಂದರೆ?

ಜಗಳ ಆಡಬೇಡಿ. ಪೆಟ್ಟಿಗೆ ಒಡೆದದ್ದು ಅವರ ಕೈಯಲ್ಲೇ ಅಂತ ಹೇಳಲು ಆಗಲ್ಲ. ದೂರದಿಂದ ಬರುವ ಪಾರ್ಸೆಲ್ ನೇರ ನಮ್ಮ ಊರಿಗೆ ಬರುವುದು ಕಡಿಮೆ. ಬೆಂಗಳೂರಿನ ಗೋಡೌನ್‌ನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಗಾಡಿಗೆ ಏರಿ, ಕೊನೆಗೆ ಟಾಟಾ ಏಸ್‌ನಲ್ಲಿ ನಮ್ಮ ಬಾಗಿಲಿಗೆ ಬರುತ್ತದೆ. ಹೆದ್ದಾರಿಯ ಮೇಲೆ ಓಡುವಾಗ ಒಡೆಯುವುದಕ್ಕಿಂತ ಹತ್ತಿಸಿ ಇಳಿಸುವಾಗ ಒಡೆಯುವುದೇ ಜಾಸ್ತಿ.

"ಅಣ್ಣ, ನಿನ್ನ ತಪ್ಪು ಅಂತ ಬರೀತಿಲ್ಲ, ಪೆಟ್ಟಿಗೆ ಹೇಗಿದೆ ಅಂತ ಅಷ್ಟೇ ಬರೀತಿದ್ದೀನಿ" ಅಂತ ಹೇಳಿ. ಬಹಳ ಜನ ಒಪ್ಪುತ್ತಾರೆ. ಒಪ್ಪದಿದ್ದರೆ ಅವರ ಎದುರೇ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿ. ಅದೇ ಹೊತ್ತಿಗೆ ಫೋಟೋ ಸಮೇತ ಸೆಲ್ಲರ್‌ಗೂ ಟ್ರಾನ್ಸ್‌ಪೋರ್ಟ್‌ನವರಿಗೂ ವಾಟ್ಸಾಪ್ ಮತ್ತು ಮೇಲ್ ಹಾಕಿ. ಗಾಡಿ ಇನ್ನೂ ಬಾಗಿಲಲ್ಲಿ ಇದ್ದಾಗ ಹೋದ ಮೆಸೇಜಿಗೆ ಬೆಲೆ ಜಾಸ್ತಿ.

ಗೋಡೌನ್ ಡೆಲಿವರಿ ಆದರೆ ಇನ್ನೂ ಸುಲಭ. ಅಲ್ಲೇ, ಹಮಾಲರು ಇರುವಾಗಲೇ ಪೆಟ್ಟಿಗೆಯ ಒಂದು ಹಲಗೆ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ. ಅವರಿಗೆ ಐವತ್ತು ನೂರು ಹೆಚ್ಚು ಕೊಟ್ಟರೂ ಪರವಾಗಿಲ್ಲ.

ಆನ್‌ಲೈನ್‌ನಲ್ಲಿ ತರಿಸಿದ್ದು. ಓಟಿಪಿ ಕೇಳ್ತಾರೆ, ಬರೆಯಲು ಕಾಗದವೇ ಇಲ್ಲ.

ಓಪನ್ ಬಾಕ್ಸ್ ಡೆಲಿವರಿ ಇದ್ದರೆ ಒಳಗೆ ನೋಡಿದ ಮೇಲೇ ಓಟಿಪಿ ಹೇಳಿ. ಇಲ್ಲದಿದ್ದರೆ ಹುಡುಗ ಹೋಗುವ ಮೊದಲು ಪೆಟ್ಟಿಗೆಯ ಆರೂ ಮುಖದ ಫೋಟೋ ತೆಗೆದು, ಆ್ಯಪ್‌ನಲ್ಲೇ ದೂರು ಹಾಕಿ.

ಸಹಿ ಹಾಕಿಬಿಟ್ಟೆ. ಈಗ ಬಿಚ್ಚಿದರೆ ಒಡೆದಿದೆ. ಮುಗೀತಾ?

ಮುಗಿದಿಲ್ಲ. ಕಷ್ಟ ಆಯಿತು ಅಷ್ಟೇ.

1930ರ ಸರಕು ಮಾರಾಟ ಕಾಯ್ದೆ ಈ ವಿಷಯದಲ್ಲಿ ಕೊಳ್ಳುವವರ ಪರವಾಗಿ ಒಂದು ಒಳ್ಳೆಯ ಮಾತು ಹೇಳುತ್ತದೆ. ಮೊದಲೇ ನೋಡಿರದ ವಸ್ತುವನ್ನು ಪರೀಕ್ಷೆ ಮಾಡಲು ಸರಿಯಾದ ಅವಕಾಶ ಸಿಗುವವರೆಗೂ ನೀವು ಅದನ್ನು ಒಪ್ಪಿಕೊಂಡ ಹಾಗೆ ಆಗುವುದಿಲ್ಲ. ಪೆಟ್ಟಿಗೆ ಪಡೆದದ್ದಕ್ಕೆ ಹಾಕಿದ ಸಹಿ ಬೇರೆ, ಮಷೀನು ಒಪ್ಪಿದೆ ಅನ್ನುವುದು ಬೇರೆ. ಆದರೆ ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ. ಬೇಡ ಅಂತ ತಿಳಿಸದೆ ಬಹಳ ದಿನ ಸುಮ್ನೆ ಇಟ್ಟುಕೊಂಡರೆ, ಅಥವಾ ನಿಮ್ಮದೇ ವಸ್ತು ಅನ್ನುವ ಹಾಗೆ ಬಳಸಿದರೆ, ಒಪ್ಪಿಕೊಂಡ ಹಾಗೆಯೇ ಲೆಕ್ಕ.

ಹಾಗಾಗಿ ಬಂದ ದಿನವೇ ಬಿಚ್ಚಿ. "ಶ್ರಾವಣ ಬರಲಿ, ಪೂಜೆ ಮಾಡಿ ಬಿಚ್ಚೋಣ" ಅಂತ ಇಟ್ಟವರನ್ನು ನೋಡಿದ್ದೇನೆ. ಪೂಜೆ ಒಳ್ಳೆಯ ದಿನ ನೋಡಿಯೇ ಮಾಡಿ. ಬಿಚ್ಚಿ ನೋಡುವುದು ಮಾತ್ರ ಅವತ್ತೇ ಆಗಲಿ. ಒಡೆದದ್ದು ಕಂಡ ಕೂಡಲೇ ಬರಹದಲ್ಲಿ ತಿಳಿಸಿ. ಫೋನಿನಲ್ಲಿ ಮಾತಾಡಿದರೆ, ಆಮೇಲೆ "ಈಗ ತಾನೇ ಮಾತಾಡಿದ ವಿಷಯ ಇದು" ಅಂತ ಒಂದು ಮೇಲ್ ಹಾಕಿ.

ಅನ್‌ಬಾಕ್ಸಿಂಗ್ ವಿಡಿಯೋ ಇಲ್ಲದಿದ್ದರೆ ಕ್ಲೇಮ್ ಆಗಲ್ಲವಾ?

ವಿಡಿಯೋ ಇರಲೇಬೇಕು ಅಂತ ಗ್ರಾಹಕ ಕಾಯ್ದೆ ಎಲ್ಲೂ ಹೇಳುವುದಿಲ್ಲ. ಅದು ಸೆಲ್ಲರ್‌ಗಳು ತಾವೇ ಹಾಕಿಕೊಂಡ ಷರತ್ತು. ಆದರೂ ಮಾಡಿ, ಯಾಕೆಂದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಲೇಬಲ್‌ನಿಂದ ಶುರು ಮಾಡಿ, ಸೀಲ್ ಮಾಡಿದ ಟೇಪ್ ತೋರಿಸಿ, ನಡುವೆ ಎಲ್ಲೂ ನಿಲ್ಲಿಸದೆ ಕೊನೆಯವರೆಗೆ ತೆಗೆಯಿರಿ. ಮನೆಯಲ್ಲಿ ಯಾರಾದರೂ ಫೋನ್ ಹಿಡಿದರೆ ನಿಮ್ಮ ಎರಡೂ ಕೈ ಬಿಡುವಾಗಿರುತ್ತವೆ. ಮಷೀನಿನ ಸೀರಿಯಲ್ ನಂಬರ್ ಪ್ಲೇಟ್ ವಿಡಿಯೋದಲ್ಲಿ ಓದುವ ಹಾಗೆ ಬರಲಿ.

ಹೊರಗಿಂದ ಎಲ್ಲ ಸರಿ ಇದೆ. ಒಳಗೆ ಎಲ್ಲೆಲ್ಲಿ ನೋಡಬೇಕು?

ಇದಕ್ಕೆ ಉತ್ತರ ಹೇಳಲು ಮೊದಲು ಬೀಡಿನ, ಅಂದರೆ ಎರಕದ ಕಬ್ಬಿಣದ ಗುಣ ಹೇಳಬೇಕು. ಡ್ರಿಲ್ಲು, ಲೇತು, ಬೆಂಚ್ ವೈಸು, ಮರ ಕೊಯ್ಯುವ ಟೇಬಲ್ ಸಾ, ಇವುಗಳ ಮೈಯೆಲ್ಲ ಹೆಚ್ಚಾಗಿ ಬೀಡು. ಬೀಡಿನಲ್ಲಿ ಕಾರ್ಬನ್ ಜಾಸ್ತಿ, ಶೇಕಡಾ 2.5ರಿಂದ 4ರವರೆಗೆ. ಅದು ಒಳಗೆ ಗ್ರಾಫೈಟ್‌ನ ತೆಳ್ಳನೆಯ ಪದರಗಳಾಗಿ ಹರಡಿಕೊಂಡಿರುತ್ತದೆ. ಮಷೀನಿನ ಅದುರುವಿಕೆಯನ್ನು ನುಂಗಿಕೊಳ್ಳುವುದು ಆ ಪದರಗಳೇ. ಅದಕ್ಕೇ ಮಷೀನಿಗೆ ಬೀಡು ಬೇಕು. ಆದರೆ ಏಟು ಬಿದ್ದಾಗ ಬಿರುಕು ಓಡುವುದೂ ಅದೇ ಪದರಗಳ ಗುಂಟ. ಉಕ್ಕು ಬಾಗುತ್ತದೆ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಬೀಡು ಬಾಗುವುದಿಲ್ಲ. ಒಂದೋ ಸರಿ ಇರುತ್ತದೆ, ಇಲ್ಲ ಸೀಳುತ್ತದೆ. ಕೂದಲೆಳೆಯಷ್ಟು ಸೀಳಿದ್ದರೆ ಪೇಂಟಿನ ಕೆಳಗೆ ಅಡಗಿ ಕೂರುತ್ತದೆ.

ನಮ್ಮ ಬೀದಿಯಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದ ಹಿರಿಯರೊಬ್ಬರು ಇದ್ದಾರೆ. ನನ್ನ ಡ್ರಿಲ್ ನೋಡಲು ಅವರನ್ನೇ ಕರೆದಿದ್ದೆ. ಮುರಿದ ಕಿವಿಯನ್ನು ಅವರು ಸರಿಯಾಗಿ ನೋಡಲೂ ಇಲ್ಲ. "ಅದು ಕಾಣ್ತಿದೆಯಲ್ಲಪ್ಪ, ಕಾಣದ್ದನ್ನ ಹುಡುಕೋಣ" ಅಂದರು. ಅವತ್ತು ಅವರು ನೋಡಿದ ಜಾಗಗಳನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಬೇಸಿನ ಬೋಲ್ಟ್ ತೂತುಗಳ ಸುತ್ತ. ಆಮೇಲೆ ಕಾಲಮ್ ಬಂದು ಕೂರುವ ಬುಡ. ಮೂರನೆಯದು ಟೇಬಲ್ ಹಿಡಿದುಕೊಳ್ಳುವ ಕ್ಲಾಂಪ್. ಅದು ಸೀಳು ಬಿಟ್ಟ ಉಂಗುರದ ಹಾಗಿರುವ ಭಾಗ, ಬಿರುಕಿಗೆ ಇಷ್ಟವಾದ ಜಾಗ. ಆಮೇಲೆ ಮೋಟಾರು ತೂಗುವ ಪ್ಲೇಟು. ಮೋಟಾರಿನ ಭಾರವೆಲ್ಲ ಹಿಂದೆ ತೂಗಿಕೊಂಡಿರುತ್ತದೆ, ಗಾಡಿ ಎತ್ತಿಹಾಕಿದಾಗ ಏಟು ಅದಕ್ಕೇ. ಬೆಲ್ಟ್ ಕವರ್ ತೆಗೆದು ಪುಲ್ಲಿಗಳ ಅಂಚು ನೋಡಿ. ಅಲ್ಯೂಮಿನಿಯಂ ಪುಲ್ಲಿ ಚೂರು ಹಾರಿರುತ್ತದೆ. ಹ್ಯಾಂಡಲ್‌ಗಳು, ಕೈಯಲ್ಲಿ ತಿರುಗಿಸುವ ಗುಬ್ಬಿಗಳು ಕೊನೆಗೆ. ಅವು ಮುರಿದರೂ ಬದಲಾಯಿಸಬಹುದು.

ಆಮೇಲೆ ಸ್ಪಿಂಡಲ್, ಅಂದರೆ ಡ್ರಿಲ್ ಬಿಟ್ ಹಿಡಿದು ತಿರುಗುವ ದಂಡವನ್ನು ಕೈಯಿಂದ ತಿರುಗಿಸಿ. ಒಂದೇ ಸಮ ತಿರುಗಬೇಕು. ಎಲ್ಲಾದರೂ ಕಡಕ್ ಅಂದರೆ, ಬಿಗಿದು ಸಡಿಲಾದರೆ, ಬೇರಿಂಗ್‌ಗೆ ಏಟು ಬಿದ್ದಿದೆ. ಡಯಲ್ ಗೇಜ್ (ಸಣ್ಣ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಉಪಕರಣ) ಇದ್ದರೆ ಸ್ಪಿಂಡಲ್ಲಿನ ಟೇಪರ್, ಅಂದರೆ ಕಿರಿದಾಗುತ್ತಾ ಹೋಗುವ ತೂತಿನ ಒಳಗೆ ಅದರ ಮೂತಿ ಇಟ್ಟು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಮುಳ್ಳು ಎಷ್ಟು ಮನೆ ಓಡಿತು ಬರೆದುಕೊಳ್ಳಿ. ಸಾಮಾನ್ಯ ಗೇಜಿನಲ್ಲಿ ಒಂದು ಮನೆ ಅಂದರೆ 0.01 ಮಿಲಿಮೀಟರ್. ಮಷೀನಿನ ಜೊತೆ ಬಂದ ಟೆಸ್ಟ್ ಚಾರ್ಟ್‌ನಲ್ಲಿ ಎಷ್ಟು ಇರಬೇಕು ಅಂತ ಇರುತ್ತದೆ, ಪಕ್ಕದಲ್ಲಿಟ್ಟು ನೋಡಿ. ಚಾರ್ಟ್ ಬಂದಿಲ್ಲದಿದ್ದರೆ ಸೆಲ್ಲರ್‌ನಿಂದ ಕೇಳಿ ತರಿಸಿಕೊಳ್ಳಿ.

ಲೇತ್ ಆದರೆ ಬೆಡ್ ಮೇಲೆ ಟೂಲ್ ಹಿಡಿಯುವ ಕ್ಯಾರೇಜನ್ನು ಆ ತುದಿಯಿಂದ ಈ ತುದಿಗೆ ಓಡಿಸಿ. ಕ್ಯಾರೇಜನ್ನು ಓಡಿಸುವ ಉದ್ದದ ಲೀಡ್ ಸ್ಕ್ರೂ ಬಾಗಿದ್ದರೆ ಅದು ತಿರುಗುವಾಗ ನಡುಭಾಗ ಹಾವಿನ ಹಾಗೆ ಓಲಾಡುತ್ತದೆ. ಟೇಬಲ್ ಸಾ, ಪ್ಲೇನರ್ ಆದರೆ ಉದ್ದದ ಸ್ಟ್ರೈಟ್ ಎಡ್ಜ್ ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ ಫೀಲರ್ ಗೇಜಿನ ತೆಳ್ಳನೆಯ ತಗಡು ತೂರಿಸಿ ನೋಡಿ.

ಇದು ಬಿರುಕಾ, ಬರೀ ಪೇಂಟ್ ಗೀರಾ?

ಈ ಅನುಮಾನ ಎಲ್ಲರಿಗೂ ಬರುತ್ತದೆ. ಕಾಸ್ಟಿಂಗ್ ಮೇಲೆ ಪುಟ್ಟಿ ಹಚ್ಚಿ ಪೇಂಟ್ ಹೊಡೆದಿರುತ್ತಾರೆ. ಪುಟ್ಟಿ ಒಂದೇ ಒಡೆದಿದ್ದರೂ ಬಿರುಕಿನ ಹಾಗೇ ಕಾಣುತ್ತದೆ.

ಹಳೇ ಗ್ಯಾರೇಜಿನವರ ಉಪಾಯ ಇದೆ. ಅನುಮಾನ ಇರುವ ಜಾಗವನ್ನು ತಿನ್ನರ್‌ನಿಂದ ಒರೆಸಿ. ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಡಿ. ಬಟ್ಟೆಯಿಂದ ಪೂರ್ತಿ ಒಣಗುವ ಹಾಗೆ ಒರೆಸಿ. ಅದರ ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಗೆ ಬಂದು ಬಿಳಿ ಸುಣ್ಣದ ಮೇಲೆ ಒದ್ದೆ ಗೆರೆ ಮೂಡುತ್ತದೆ. ಬರೀ ಗೀರಾದರೆ ಏನೂ ಬರುವುದಿಲ್ಲ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗಲ್ಲ. ಡೈ ಪೆನೆಟ್ರೆಂಟ್ ಅಂತ ಸ್ಪ್ರೇ ಡಬ್ಬಿ ಬರುತ್ತದೆ, ಕೆಂಪು ಬಣ್ಣ, ಮೇಲೆ ಬಿಳಿ ಪುಡಿ. ಕೆಲಸ ಅದೇ, ಗೆರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಮೂಡಿದ ಗೆರೆಯ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ.

ತುಂಡಾಗಿಯೇ ಬಿಟ್ಟಿದ್ದರೆ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಹೊಸದಾಗಿ ಮುರಿದಿದ್ದರೆ ಬೂದು ಬಣ್ಣ, ಸಣ್ಣಗೆ ಮಿನುಗುವ ಕಾಳು ಕಾಳು. ಒಳಗೆ ಹಳೇ ತುಕ್ಕು ಅಥವಾ ಪೇಂಟ್ ಇಳಿದಿದ್ದರೆ ಆ ಬಿರುಕು ಲಾರಿ ಹತ್ತುವ ಮೊದಲೇ ಇತ್ತು ಅಂತ ಅರ್ಥ. ಆಗ ಅದು ಸಾಗಣೆಯ ಮಾತೇ ಅಲ್ಲ, ಕೆಟ್ಟ ಮಾಲು ಕೊಟ್ಟ ಮಾತು. ಟ್ರಾನ್ಸ್‌ಪೋರ್ಟ್‌ನವರ ಹಿಂದೆ ಓಡುವ ಬದಲು ಸೆಲ್ಲರ್‌ನನ್ನೇ ಹಿಡಿಯಿರಿ. ಈ ಒಂದು ನೋಟ ನಿಮ್ಮ ಎಷ್ಟೋ ಓಡಾಟ ಉಳಿಸುತ್ತದೆ. ಹಾಗಾಗಿ ಮುರಿದ ಮುಖವನ್ನು ಒರೆಸಬೇಡಿ, ಎಣ್ಣೆ ಹಚ್ಚಬೇಡಿ, ತುಂಡನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ.

ಒಂದು ಸಲ ಸ್ವಿಚ್ ಹಾಕಿ ನೋಡಬಹುದಾ?

ಬೇಡ. ಒಡೆದದ್ದು ಕಂಡ ಮೇಲೆ ಓಡಿಸಿದರೆ, "ನೀವು ಓಡಿಸಿದ್ದಕ್ಕೇ ಒಡೆಯಿತು" ಅನ್ನುತ್ತಾರೆ. ಅದಕ್ಕಿಂತ ದೊಡ್ಡದು ಕರೆಂಟ್. ಏಟು ಬಿದ್ದ ಮೋಟಾರಿನಲ್ಲಿ ಒಳಗಿನ ವೈರು ಮೈಗೆ ತಾಗಿರಬಹುದು.

ಏನೂ ಒಡೆದಿಲ್ಲ ಅಂತ ಕಂಡರೂ ಪ್ಲಗ್ ಹಾಕುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. ಅರ್ತ್ ಪಿನ್ನಿನಿಂದ ಮಷೀನಿನ ಮೈಗೆ ಸಂಪರ್ಕ ಇರಬೇಕು. ಉಳಿದೆರಡು ಪಿನ್ನಿನಿಂದ ಮೈಗೆ ಇರಬಾರದು. ವೈಂಡಿಂಗ್ ಅಂಗಡಿಯವರ ಹತ್ತಿರ 500 ವೋಲ್ಟ್ ಮೆಗ್ಗರ್, ಅಂದರೆ ಕರೆಂಟ್ ಮೈಗೆ ಸೋರುತ್ತದಾ ಅಂತ ನೋಡುವ ಮೀಟರ್ ಇರುತ್ತದೆ. ಅದರಲ್ಲಿ 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಸ್ವಿಚ್ ಮುಟ್ಟಬೇಡಿ.

ಗ್ರೈಂಡಿಂಗ್ ವೀಲ್ ಜೊತೆಗೇ ಬಂದಿದೆ. ಅದಕ್ಕೇನೂ ಆಗಿಲ್ಲ ಅನಿಸುತ್ತೆ.

ಅನಿಸಿದರೆ ಸಾಲದು, ದಯವಿಟ್ಟು. ಬಿರುಕು ಬಿಟ್ಟ ವೀಲ್ ಓಡುವಾಗ ಸಿಡಿದರೆ ಮುಖಕ್ಕೇ ಬರುತ್ತದೆ. ಬೆಂಚ್ ಗ್ರೈಂಡರಿನ ಕಲ್ಲನ್ನು ಬಿಚ್ಚಿ, ತೂತಿಗೆ ಬೆರಳು ಹಾಕಿ ತೂಗಿ ಹಿಡಿದು, ಸ್ಕ್ರೂ ಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಲ್ಲು ಟಣ್ ಅನ್ನುತ್ತದೆ. ಸೀಳಿದ್ದು ಒಡೆದ ಮಡಕೆಯ ಹಾಗೆ ಬೊದ್ದು ಸದ್ದು ಮಾಡುತ್ತದೆ. ಕಲ್ಲು ಒಣಗಿರಬೇಕು, ನಾಲ್ಕು ಕಡೆ ತಟ್ಟಬೇಕು. ತೆಳ್ಳನೆಯ ಕಟಿಂಗ್ ವೀಲಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದರ ಅಂಟೇ ಬೇರೆ. ಅದರ ಅಂಚು ಚೂರು ಮುಕ್ಕಾಗಿದ್ದರೂ ಬಿಸಾಡಿ.

ಬ್ಯಾಟರಿ ಡ್ರಿಲ್‌ನ ಬ್ಯಾಟರಿ ಜಜ್ಜಿದ್ದರೆ, ಉಬ್ಬಿದ್ದರೆ, ಅದನ್ನು ಚಾರ್ಜ್‌ಗೆ ಹಾಕಲೇಬೇಡಿ. ಶೆಡ್ಡಿನಿಂದ ಹೊರಗೆ, ಬೆಂಕಿ ಹಿಡಿಯುವ ವಸ್ತು ಇಲ್ಲದ ಕಡೆ ಇಟ್ಟು ಸೆಲ್ಲರ್‌ಗೆ ತಿಳಿಸಿ.

"ವೆಲ್ಡಿಂಗ್ ಮಾಡಿಸಿಕೊಳ್ಳಿ, ಎರಡು ಸಾವಿರ ಕೊಡ್ತೀವಿ" ಅಂತಾರೆ. ಒಪ್ಪಲಾ?

ಯಾವ ಭಾಗ ಅನ್ನುವುದರ ಮೇಲೆ ಹೋಗುತ್ತದೆ. ಹ್ಯಾಂಡಲ್, ಗಾರ್ಡ್, ಬೆಲ್ಟ್ ಕವರ್, ಸ್ವಿಚ್ ಡಬ್ಬಿ ಆದರೆ ಹೊಸ ಭಾಗ ಕಳಿಸಲು ಹೇಳಿ ಮಷೀನು ಇಟ್ಟುಕೊಳ್ಳಿ. ಬೇಸ್, ಕಾಲಮ್, ಹೆಡ್, ಲೇತಿನ ಬೆಡ್, ಸ್ಪಿಂಡಲ್ ಆದರೆ ಒಪ್ಪಬೇಡಿ. ಬೀಡಿಗೆ ವೆಲ್ಡಿಂಗ್ ಆಗುತ್ತದೆ. ನಿಕ್ಕಲ್ ರಾಡ್ ಬೇಕು, ಮೊದಲೇ ಕಾಯಿಸಬೇಕು, ಆಮೇಲೆ ಬೂದಿಯಲ್ಲೋ ಮರಳಲ್ಲೋ ಮುಚ್ಚಿ ನಿಧಾನಕ್ಕೆ ಆರಿಸಬೇಕು. ಅವಸರದಲ್ಲಿ ಮಾಡಿದರೆ ವೆಲ್ಡ್ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಎಷ್ಟೇ ಚೆನ್ನಾಗಿ ಮಾಡಿದರೂ ಬಿಸಿಗೆ ಮೈ ಸ್ವಲ್ಪ ತಿರುಚಿಕೊಳ್ಳುತ್ತದೆ. ನಾನೇ ವೆಲ್ಡಿಂಗ್ ಮಾಡುವವನು. ನನ್ನ ಡ್ರಿಲ್ಲಿನ ಬೇಸಿಗೆ ನಾನೇ ರಾಡ್ ಹಿಡಿಯಲಿಲ್ಲ.

ನಿಮಗೆ ರಿಪೇರಿಯೇ ಅನುಕೂಲ ಅನಿಸಿದರೆ, ಎಷ್ಟು ದುಡ್ಡು ಬಿಡುತ್ತಾರೆ, ವಾರಂಟಿ ಉಳಿಯುತ್ತದಾ ಅಂತ ಮೇಲ್‌ನಲ್ಲಿ ಬರೆಸಿಕೊಂಡ ಮೇಲೇ ರಾಡ್ ಮುಟ್ಟಿಸಿ.

ಸೆಲ್ಲರ್ ಟ್ರಾನ್ಸ್‌ಪೋರ್ಟ್ ಕಡೆ ಕೈ ತೋರಿಸ್ತಾರೆ, ಅವರು ಸೆಲ್ಲರ್ ಕಡೆ. ಯಾರನ್ನು ಹಿಡಿಯಲಿ?

ಕೊಟೇಶನ್ ತೆಗೆದು ನೋಡಿ. ನಿಮ್ಮ ಬಾಗಿಲಿಗೆ ತಲುಪಿಸುವ ಬೆಲೆ, ಅಂದರೆ ಎಫ್‌ಓಆರ್ ತುಮಕೂರು ಅಂತ ಇದ್ದರೆ ಮಷೀನು ಸರಿಯಾಗಿ ತಲುಪುವವರೆಗೆ ಜವಾಬ್ದಾರಿ ಸೆಲ್ಲರ್‌ದು ಅಂತ ಗಟ್ಟಿಯಾಗಿ ಹೇಳಬಹುದು. ಎಕ್ಸ್ ವರ್ಕ್ಸ್ ಅಂತ ಇದ್ದರೆ ಕಾರ್ಖಾನೆ ಬಾಗಿಲು ದಾಟಿದ ಮೇಲೆ ಅಪಾಯ ನಿಮ್ಮದು. ಆಗಲೂ ಪ್ಯಾಕಿಂಗ್ ಕಳಪೆ ಆಗಿದ್ದರೆ ಸೆಲ್ಲರ್ ತಪ್ಪಿಸಿಕೊಳ್ಳಲು ಆಗಲ್ಲ. ಕ್ವಿಂಟಾಲ್ ತೂಗುವ ಮಷೀನನ್ನು ಥರ್ಮೊಕೋಲ್ ಮತ್ತು ರಟ್ಟಿನಲ್ಲಿ ಕಳಿಸಿದರೆ ಅದು ಯಾರ ತಪ್ಪು ಹೇಳಿ.

ಅನುಮಾನ ಇದ್ದರೆ ಇಬ್ಬರಿಗೂ ಒಟ್ಟಿಗೆ ಬರೆಯಿರಿ. ಒಬ್ಬರ ಉತ್ತರಕ್ಕೆ ಕಾಯುತ್ತಾ ಇನ್ನೊಬ್ಬರ ಗಡುವು ದಾಟಿಸಬೇಡಿ.

ಟ್ರಾನ್ಸ್‌ಪೋರ್ಟ್‌ನವರು ಪೂರ್ತಿ ಬೆಲೆ ಕೊಡ್ತಾರಾ?

ಹೆಚ್ಚಿನ ಸಲ ಇಲ್ಲ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ 2011ರ ನಿಯಮಗಳ ಪ್ರಕಾರ, ಜಾಸ್ತಿ ದರ ಕೊಟ್ಟು ಹೆಚ್ಚಿನ ರಿಸ್ಕ್‌ಗೆ ಬುಕ್ ಮಾಡಿರದಿದ್ದರೆ, ಅವರ ಹೊಣೆ ಬಾಡಿಗೆಯ ಹತ್ತು ಪಟ್ಟಿನವರೆಗೆ ಮಾತ್ರ. ಅದೂ ಬುಕಿಂಗ್ ಕಾಗದದಲ್ಲಿ ತೋರಿಸಿದ ಬೆಲೆಯನ್ನು ಮೀರುವ ಹಾಗಿಲ್ಲ. ನನ್ನ ಬಾಡಿಗೆ 2,400 ಇತ್ತು. ಹತ್ತು ಪಟ್ಟು ಅಂದರೆ 24,000. ಮಷೀನಿನ ಬೆಲೆ 46,000. ಸೆಲ್ಲರ್ ಬುಕಿಂಗ್‌ನಲ್ಲಿ ಬೆಲೆ 15,000 ಅಂತ ಬರೆಸಿದ್ದರೆ 15,000ಕ್ಕೇ ನಿಲ್ಲುತ್ತಿತ್ತು.

ಎರಡನೆಯದು ಗಡುವು. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡದಿದ್ದರೆ ಕೋರ್ಟಿಗೆ ಹೋಗುವ ದಾರಿಯೇ ಮುಚ್ಚುತ್ತದೆ. ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ, ಬುಕ್ ಮಾಡಿದ ದಿನದಿಂದ. ಲಾಯರ್ ಬೇಕಿಲ್ಲ. ಎಲ್‌ಆರ್ ನಂಬರ್, ತಾರೀಖು, ಏನು ಒಡೆದಿದೆ, ಎಷ್ಟು ನಷ್ಟ ಅಂತ ಒಂದು ಹಾಳೆ ಬರೆದು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಎಲ್‌ಆರ್ ಮೇಲೆ "ಓನರ್ಸ್ ರಿಸ್ಕ್", ಅಂದರೆ ಒಡೆದರೆ ಮಾಲಿನ ಒಡೆಯರದ್ದೇ ಹೊಣೆ ಅಂತ ಇದೆ ಅಂತ ಹೆದರಿಸಿದರೆ ಹಿಂದೆ ಸರಿಯಬೇಡಿ. ಆ ಮುದ್ರೆ ಇದ್ದ ಮಾತ್ರಕ್ಕೆ ಸಾಗಣೆದಾರರು ತಮ್ಮ ಬೇಜವಾಬ್ದಾರಿಯಿಂದ ಆದ ನಷ್ಟಕ್ಕೆ ಕೈ ತೊಳೆದುಕೊಳ್ಳಲು ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ಹೇಳಿದೆ.

ಟ್ರಾನ್ಸಿಟ್ ಇನ್ಶೂರೆನ್ಸ್ ಇತ್ತು. ಈಗ ಏನು ಮಾಡಲಿ?

ಮೊದಲ ಫೋನ್ ಇನ್ಶೂರೆನ್ಸ್‌ನವರಿಗೇ. ಅವರ ಸರ್ವೇಯರ್ ಬಂದು ನೋಡುವವರೆಗೆ ಮಷೀನನ್ನೂ ಪ್ಯಾಕಿಂಗನ್ನೂ ಇದ್ದ ಹಾಗೇ ಬಿಡಿ. ಟ್ರಾನ್ಸ್‌ಪೋರ್ಟ್‌ಗೆ ಕೊಟ್ಟ ನೋಟಿಸಿನ ಪ್ರತಿ ಕೇಳುತ್ತಾರೆ. ಅದಕ್ಕೇ ಮೇಲೆ ಅಷ್ಟು ಒತ್ತಿ ಹೇಳಿದ್ದು.

"ನೀವು ವ್ಯಾಪಾರಕ್ಕೆ ತಗೊಂಡಿದ್ದು, ಗ್ರಾಹಕ ಅಲ್ಲ" ಅಂತಾರೆ. ನಿಜವಾ?

ಅರ್ಧ ನಿಜ. ಲಾಭದ ವ್ಯಾಪಾರಕ್ಕೆ ಕೊಂಡರೆ ಗ್ರಾಹಕ ಕಾಯ್ದೆಯ ರಕ್ಷಣೆ ಇಲ್ಲ. ಆದರೆ ತನ್ನ ಹೊಟ್ಟೆಪಾಡಿಗೆ, ಸ್ವಂತ ದುಡಿಮೆಗೆ ಅಂತ ಕೊಂಡು ತಾನೇ ಬಳಸುವವರು ಗ್ರಾಹಕರೇ. 2019ರ ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ.

ಇದನ್ನು ಬಿಡಿಸಿ ಹೇಳಿದ್ದು 1995ರ ಸುಪ್ರೀಂ ಕೋರ್ಟ್ ತೀರ್ಪು. ಆ ಮೊಕದ್ದಮೆಯೂ ಒಂದು ಟರ್ನಿಂಗ್ ಮಷೀನಿನದೇ. ಅದರಲ್ಲಿ ಕೋರ್ಟ್ ಲೇತ್ ಮಷೀನನ್ನೇ ಉದಾಹರಣೆಯಾಗಿ ತೆಗೆದುಕೊಂಡಿತು. ಲೇತ್ ಕೊಂಡು ಪೂರ್ತಿ ಬೇರೆಯವರ ಕೈಯಲ್ಲೇ ಓಡಿಸಿದರೆ ಅವರು ಗ್ರಾಹಕರಲ್ಲ. ತಾವೇ ಓಡಿಸುತ್ತಾ ಒಬ್ಬಿಬ್ಬರು ಸಹಾಯಕರನ್ನು ಇಟ್ಟುಕೊಂಡರೆ ಗ್ರಾಹಕರಾಗಿಯೇ ಉಳಿಯುತ್ತಾರೆ. ನಮ್ಮಂಥ ಶೆಡ್‌ನವರಿಗೆ ಇದಕ್ಕಿಂತ ಹತ್ತಿರದ ಮಾತು ಬೇರೆ ಸಿಗಲ್ಲ. ದೂರು ಬರೆಯುವಾಗ "ನನ್ನ ಜೀವನೋಪಾಯಕ್ಕೆ, ನಾನೇ ಬಳಸಲು ಕೊಂಡ ಮಷೀನು" ಅನ್ನುವ ಸಾಲು ಮರೆಯಬೇಡಿ, ಅದು ನಿಜವಾಗಿದ್ದರೆ.

ಸೆಲ್ಲರ್ ಗುಜರಾತಿನವರು. ತುಮಕೂರಲ್ಲೇ ದೂರು ಕೊಡಬಹುದಾ?

ಕೊಡಬಹುದು. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಮಾಡುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಪಾವಗಡದವರಾದರೂ ತಿಪಟೂರಿನವರಾದರೂ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬಂದರೆ ಸಾಕು. ಕೊಂಡ ಬೆಲೆ 5 ಲಕ್ಷದವರೆಗೆ ಇದ್ದರೆ ಫೀಸ್ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು.

ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ನಿಮ್ಮ ದೂರನ್ನು ಕಂಪನಿಗೆ ಕಳಿಸುತ್ತಾರೆ. ಎಷ್ಟೋ ಜಗಳ ಅಲ್ಲೇ ಬಗೆಹರಿಯುತ್ತದೆ. ಆನ್‌ಲೈನ್ ಖರೀದಿ ಆದರೆ 2020ರ ಇ-ಕಾಮರ್ಸ್ ನಿಯಮಗಳೂ ಇವೆ. ದೋಷ ಇರುವ ಮಾಲನ್ನು ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನುವ ಹಾಗಿಲ್ಲ. ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ದೂರು ಸಿಕ್ಕಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ವಾಪಸ್ ಕಳಿಸುವ ಬಾಡಿಗೆ ಯಾರದ್ದು?

ಬೇಡ ಅಂದ ಮಾಲನ್ನು ವಾಪಸ್ ಮುಟ್ಟಿಸುವುದು ಕೊಂಡವರ ಕೆಲಸ ಅಲ್ಲ. ಬೇರೆ ಮಾತುಕತೆ ಆಗಿರದಿದ್ದರೆ, ಬೇಡ ಅಂತ ತಿಳಿಸಿದರೆ ಸಾಕು ಅಂತ ಸರಕು ಮಾರಾಟ ಕಾಯ್ದೆಯಲ್ಲೇ ಇದೆ. "ಮಷೀನು ನನ್ನ ಶೆಡ್ಡಿನಲ್ಲಿ ಜೋಪಾನವಾಗಿದೆ, ಬಂದು ತೆಗೆದುಕೊಂಡು ಹೋಗಿ" ಅಂತ ಬರೆಯಿರಿ. ಮಳೆಗೆ, ಧೂಳಿಗೆ ಮಾತ್ರ ಬಿಡಬೇಡಿ. ಜಿಎಸ್‌ಟಿ ಬಿಲ್ ಇದ್ದರೆ ಕ್ರೆಡಿಟ್ ನೋಟ್ ಕೇಳಿ. ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಅಷ್ಟನ್ನು ಹಿಂದಿರುಗಿಸಬೇಕು, ನಿಮ್ಮ ಲೆಕ್ಕ ನೋಡುವವರಿಗೆ ತಿಳಿಸಿ.

ಒಡೆದಿಲ್ಲ, ಆದರೆ ತುಕ್ಕು ಹಿಡಿದಿದೆ.

ಕಾಲಮ್ ಮೇಲೆ ತೆಳ್ಳಗೆ ಕಂದು ಪೊರೆ ಬಂದಿದ್ದರೆ ಎಣ್ಣೆ ಹಾಕಿ ನಯವಾದ ಸ್ಕಾಚ್‌ಬ್ರೈಟ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ಉಗುರಿಗೆ ಗುಳಿ ಸಿಗುತ್ತಿದ್ದರೆ ಅದು ಬೇರೆ ಮಾತು. ಲೇತಿನ ಬೆಡ್ ಮೇಲೆ, ಸ್ಪಿಂಡಲ್ ಟೇಪರ್ ಒಳಗೆ ಗುಳಿ ಇದ್ದರೆ ಒಡೆದದ್ದಕ್ಕೆ ಸಮ. ಉಜ್ಜುವ ಮುಂಚೆ ಫೋಟೋ.

ಮುಂದಿನ ಸಲ ಆರ್ಡರ್ ಮಾಡುವಾಗ ಏನು ಹೇಳಲಿ?

ನಾನು ನನ್ನ ಎರಡನೇ ಮಷೀನಿಗೆ ಹೀಗೆ ಬರೆಸಿದೆ: ಪ್ಲೈವುಡ್ ಪೆಟ್ಟಿಗೆ, ಕೆಳಗೆ ಮರದ ಸ್ಕಿಡ್, ಬೇಸನ್ನು ಸ್ಕಿಡ್ಡಿಗೆ ಬೋಲ್ಟ್ ಮಾಡಬೇಕು, ಮೋಟಾರು ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಇಡಬೇಕು, ಎಲ್‌ಆರ್‌ನಲ್ಲಿ ಪೂರ್ತಿ ಬಿಲ್ ಬೆಲೆ ಹಾಕಬೇಕು, ಇನ್ಶೂರೆನ್ಸ್ ನನ್ನ ಖರ್ಚಲ್ಲಿ ಮಾಡಿಸಬೇಕು. ಎಲ್ಲ ಸೇರಿ 1,800 ರೂಪಾಯಿ ಹೆಚ್ಚಾಯಿತು. ಲಾರಿ ಹತ್ತಿಸುವ ಮುಂಚೆ ಪೆಟ್ಟಿಗೆಯ ಫೋಟೋ ಕಳಿಸಲೂ ಕೇಳಿದೆ, ಕಳಿಸಿದರು.

ಪ್ಯಾಕಿಂಗ್ ಸಾಮಾನು ಯಾವಾಗ ಬಿಸಾಡಬಹುದು?

ದುಡ್ಡು ವಾಪಸ್ ಬರುವವರೆಗೆ, ಅಥವಾ ಸರಿಯಾದ ಮಷೀನು ಒಂದು ತಿಂಗಳು ನೆಟ್ಟಗೆ ಓಡುವವರೆಗೆ ಇಟ್ಟುಕೊಳ್ಳಿ. ರಟ್ಟು, ಥರ್ಮೊಕೋಲ್, ಲೇಬಲ್, ಕಿತ್ತುಹೋದ ಪಟ್ಟಿ, ಎಲ್ಲ. ಆಮೇಲೆ ನಿಮ್ಮಿಷ್ಟ. ನನ್ನ ಎರಡನೇ ಮಷೀನಿನ ಪ್ಲೈವುಡ್ ಪೆಟ್ಟಿಗೆಗೆ ನಾಲ್ಕು ಹಲಗೆ ಹೊಡೆದು ಡ್ರಿಲ್ ಬಿಟ್ ಇಡುವ ಕಪಾಟು ಮಾಡಿಕೊಂಡಿದ್ದೇನೆ. ಅದರ ಮೇಲಿನ ಲೇಬಲ್ ಇನ್ನೂ ಕಿತ್ತಿಲ್ಲ.